ಹೊಳೆಯ ಕೆನೆ

ಕೃಷ್ಣೆಯ ನೀರನ್ನು ಯಾರು ಯಾರು ಕುಡಿಯುತ್ತಾರೆ ಎಂದು ಕೇಳಿದರೆ ಜನ ಹೊಲ, ಊರು, ಕಾರ್ಖಾನೆ, ವಿದ್ಯುತ್ ಸ್ಥಾವರ ಎಂದು ಬೆರಳು ಮಡಚುತ್ತ ಹೋಗುತ್ತಾರೆ. ಇವರೆಲ್ಲರಿಗಿಂತ ದೊಡ್ಡ ಕುಡುಕ ನೆತ್ತಿಯ ಮೇಲೆಯೇ ಇದ್ದಾನೆ. ಏಪ್ರಿಲ್ ಬಂತೆಂದರೆ ಸೂರ್ಯ ಯಾರ ಅಪ್ಪಣೆಯನ್ನೂ ಕೇಳದೆ, ಒಂದು ಕಾಲುವೆಯನ್ನೂ ತೋಡದೆ, ಹಗಲೆಲ್ಲ ಜಲಾಶಯವನ್ನು ಹೀರುತ್ತಾನೆ. ಅವನ ಮೇಲೆ ಇದುವರೆಗೆ ಯಾವ ರಾಜ್ಯವೂ ದಾವೆ ಹೂಡಿಲ್ಲ. ಹಾಗಾದರೆ ಹೊಳೆಗೊಂದು ಮುಚ್ಚಳ ಹಾಕಿಬಿಟ್ಟರೆ ಏನಾದೀತು? ಈ ಪ್ರಶ್ನೆಯ ಬೆನ್ನು ಹತ್ತಿದವರು ವಿಜ್ಞಾನಿ ಡಾ. ಶರ್ವಾಣಿ. ಅವರು ಕಂಡುಹಿಡಿದ ಉತ್ತರವನ್ನು ಹೊಳೆಯ ಮೇಲೆ ಹಾಸಿ ಕಾಯುವ ಕೆಲಸ ನನ್ನದು.

ನಾನು ಚಂದ್ರಾಮ, ಹೊಳೆಮುದ್ದಾಪುರದ ನಿಯಂತ್ರಣ ಕೊಠಡಿಯ ಎಂಜಿನಿಯರ್. ನನ್ನ ಹೆಂಡತಿಯ ಹೆಸರು ಗೋದಾವರಿ. ಆಫೀಸಿನಲ್ಲಿ ಕೃಷ್ಣೆ, ಮನೆಯಲ್ಲಿ ಗೋದಾವರಿ, ಎರಡನ್ನೂ ಸಂಭಾಳಿಸುವ ಗಂಡು ನೀನೊಬ್ಬನೇ ಎಂದು ಗೆಳೆಯರು ಕಾಲೆಳೆಯುತ್ತಾರೆ. ಕೃಷ್ಣೆಯನ್ನು ಸಂಭಾಳಿಸುತ್ತೇನೆ ಎಂದು ಎದೆ ತಟ್ಟಿ ಹೇಳಬಲ್ಲೆ. ಇನ್ನೊಂದರ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ.

ಮುಚ್ಚಳ ಎಂದೆನಲ್ಲ, ಅದು ಕಣ್ಣಿಗೆ ಕಾಣುವಂಥದ್ದಲ್ಲ. ಔಡಲೆಣ್ಣೆಯಿಂದ ತಯಾರಿಸಿದ ಒಂದು ಬಗೆಯ ಮೇಣ. ಅದರ ಒಂದೊಂದು ಅಣುವಿಗೂ ಒಂದು ತಲೆ, ಒಂದು ಬಾಲ. ತಲೆಗೆ ನೀರೆಂದರೆ ಪ್ರಾಣ, ಬಾಲಕ್ಕೆ ನೀರೆಂದರೆ ಆಗದು. ಹೀಗಾಗಿ ನೀರಿಗೆ ಬಿಟ್ಟ ಕೂಡಲೇ ಅಣುಗಳೆಲ್ಲ ತಲೆ ಕೆಳಗೆ, ಬಾಲ ಮೇಲೆ ಮಾಡಿ ಒತ್ತೊತ್ತಾಗಿ ನಿಂತುಬಿಡುತ್ತವೆ. ಪದರದ ದಪ್ಪ ಒಂದೇ ಅಣು, ಅಷ್ಟೆ. ಒಂದು ಚಮಚ ಮೇಣ ಒಂದು ಹೊಲದಷ್ಟು ನೀರನ್ನು ಮುಚ್ಚುತ್ತದೆ. ಮೇಲೇಳಲು ಹೊರಟ ಆವಿಗೆ ಸಂದಿ ಸಿಗದೆ ಅದು ನೀರಿನಲ್ಲೇ ಉಳಿಯುತ್ತದೆ.

ಹೊಳೆಯ ಉದ್ದಕ್ಕೂ ಸೋರೆ ಬುರುಡೆಯಂಥ ಯಂತ್ರಗಳನ್ನು ತೇಲಬಿಟ್ಟಿದ್ದೇವೆ. ಪದರ ಎಲ್ಲಿ ಹರಿದರೂ ಅವು ಮೇಣ ಒಸರಿ ಮುಚ್ಚುತ್ತವೆ. ಅವನ್ನೇ ಒಂದು ಹದದಲ್ಲಿ ನಡುಗಿಸಿದರೆ ಅಣುಗಳು ಸಡಿಲಗೊಂಡು ಪದರ ತೆರೆದುಕೊಳ್ಳುತ್ತದೆ. ಅದಕ್ಕೆ ನಾವು ಕಿಟಕಿ ಎನ್ನುತ್ತೇವೆ. ಮೀನುಗಳಿಗೂ ಗಾಳಿ ಬೇಕಲ್ಲ, ಅದಕ್ಕೆಂದು ದಿನಕ್ಕೆ ಎರಡು ತಾಸು ಕಿಟಕಿ ತೆರೆಯುತ್ತಿದ್ದೆವು. ಸರ್ಕಾರಿ ಕಡತಗಳಲ್ಲಿ ಈ ಪದರಕ್ಕೆ ಮಾರುದ್ದದ ಹೆಸರಿದೆ. ಊರಿನವರು ಕೆನೆ ಎಂದರು, ಅದೇ ಹೆಸರು ನಿಂತಿತು.

ಕೆನೆ ಕಟ್ಟಿದ ಮೊದಲ ಬೇಸಿಗೆಯಲ್ಲೇ ನಾವು ಗೆದ್ದೆವು. ಕೆಳದಂಡೆಯ ಮೇಳಗಡ್ಡಿ ಎಂಬ ಪಟ್ಟಣದಲ್ಲಿ ಹತ್ತು ದಿನಕ್ಕೊಮ್ಮೆ ಬರುತ್ತಿದ್ದ ನಳ ದಿನಾ ಬರತೊಡಗಿತು. ಅಲ್ಲಿಯ ಹೆಂಗಸರು ಲಾರಿ ಮಾಡಿಕೊಂಡು ಬಂದು ನಿಯಂತ್ರಣ ಕೊಠಡಿಯಲ್ಲಿದ್ದ ನಮಗೆಲ್ಲ ಪೇಡೆ ಹಂಚಿಹೋದರು. ನಾನಂತೂ ಕಾಲರ್ ಎತ್ತಿಕೊಂಡು ಊರೆಲ್ಲ ತಿರುಗಿದೆ. ಎರಡನೆಯ ವರ್ಷ ಮಳೆ ಕೈಕೊಟ್ಟಿತು, ನಳ ನಿಲ್ಲದಿರಲೆಂದು ಕೆನೆಯನ್ನು ನಮ್ಮೂರ ಮುಂದಿನ ಹಿನ್ನೀರಿಗೂ ಹಾಸಿದೆವು.

ನಮ್ಮ ಮನೆ ಹಿನ್ನೀರಿನ ದಂಡೆಯ ನೇಕಾರ ಓಣಿಯಲ್ಲಿದೆ. ಗೋದಾವರಿ ನೇಯುವುದು ಕುಣಿಮಗ್ಗದಲ್ಲಿ. ಎಂದರೆ ಪಡಸಾಲೆಯ ನೆಲದಲ್ಲಿ ಸೊಂಟದಷ್ಟು ಆಳದ ಒಂದು ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯಬೇಕು. ನೂಲು ನೆಲಮಟ್ಟದಲ್ಲಿ ಹಾಸಿರುತ್ತದೆ. ಅವಳು ನೇಯುವ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಸೇರಿಸಬೇಕು. ಆ ಕೊಂಡಿ ಹಾಕುವುದರಲ್ಲಿ ಓಣಿಗೆ ಅವಳೇ ಗುರು. ಆರು ಜನ ಹೆಂಗಸರು ಅವಳಿಂದ ಕಲಿತು ತಮ್ಮ ತಮ್ಮ ಮನೆಯಲ್ಲೇ ಮಗ್ಗ ಹೂಡಿದ್ದಾರೆ.

ಆ ಬೇಸಿಗೆ ನೂಲು ಹರಿಯತೊಡಗಿತು. ಕಂಡಿಕಿ ಎಂಬ ನೂಲಿನ ಸುರುಳಿ ಹೊತ್ತ ಲಾಳಿ ನಾಲ್ಕು ಸಲ ಅತ್ತಿಂದಿತ್ತ ಓಡಾಡುವಷ್ಟರಲ್ಲಿ ಎಲ್ಲೋ ಒಂದು ಎಳೆ ಟಪ್ ಎನ್ನುವುದು. ಮಗ್ಗ ನಿಲ್ಲಿಸಿ, ತುದಿ ಹುಡುಕಿ, ಗಂಟು ಹಾಕಿ ಮತ್ತೆ ಕೂರುವುದು, ಮತ್ತೆ ಟಪ್. ನೂಲಿನ ವ್ಯಾಪಾರಿ ಮೋಸ ಮಾಡಿದ ಎಂದು ಓಣಿಯವರು ಅವನಿಗೆ ಮಂಗಳಾರತಿ ಎತ್ತಿದರು. ನೂಲು ಬದಲಾಯಿತು, ಹರಿಯುವುದು ನಿಲ್ಲಲಿಲ್ಲ. ನಮ್ಮ ಕಡೆ ನೂಲಿಗೇನಾದರೂ ಆಯಿತೆಂದರೆ ಎಲ್ಲರ ಕಣ್ಣೂ ಗಂಜಿಯ ಮೇಲೆ ಬೀಳುತ್ತದೆ. ಹಾಸು ನೂಲಿಗೆ ಬಲ ಬರಲೆಂದು ಜೋಳದ ಗಂಜಿ ಹಚ್ಚುತ್ತಾರೆ. ಗಂಜಿ ತೆಳ್ಳಗಾಯಿತೆಂದು ಗೋದಾವರಿ ಅದನ್ನು ದಪ್ಪ ಮಾಡಿದಳು, ಅವಳನ್ನು ನೋಡಿ ಓಣಿಯವರೂ ಮಾಡಿದರು. ಗಂಜಿ ದಪ್ಪವಾದಷ್ಟೂ ನೂಲು ಹಪ್ಪಳದ ಹಾಗೆ ಮುರಿಯತೊಡಗಿತು.

ಕೊನೆಗೆ ನೇಕಾರರ ಸಂಘದ ಅಧ್ಯಕ್ಷ ಮಹಾರುದ್ರಪ್ಪ ಮನೆಗೆ ಬಂದು ಕೂತರು.

"ನೋಡವಾ ಗೋದಾವರಿ, ಕೈಗಾರಿಕಾ ವಸಾಹತಿನ್ಯಾಗ ದೊಡ್ಡ ಹಾಲ್ ಕಟ್ಟೇವಿ. ಮಷಿನ್ ಹಚ್ಚಿ ಒಳಗ ತಂಪು ಇಡ್ತಾರ. ಅಲ್ಲಿ ನೂಲು ಹರಿಯಂಗಿಲ್ಲ. ಬಸವ ಜಯಂತಿ ಮರುದಿನ ಗಾಡಿ ಕಳಸ್ತೀನಿ. ಓಣಿ ಮಗ್ಗ ಎಲ್ಲಾ ಬಿಚ್ಚಿ ಅಲ್ಲಿ ಹೂಡೂಣು."

"ಕುಣಿ ಏನ್ ಮಾಡೂದ್ರಿ?"

"ಮಣ್ಣ ತುಂಬಿ ಮುಚ್ಚಿಬಿಡು. ಮನ್ಯಾಗ ಜಾಗಾರ ಆಗ್ತೈತಿ."

ಅವರು ಹೋದ ಮೇಲೆ ಗೋದಾವರಿ ಬಹಳ ಹೊತ್ತು ಕುಣಿಯ ಅಂಚಿನಲ್ಲಿ ಕೂತಿದ್ದಳು. ಆಮೇಲೆ ನನ್ನತ್ತ ತಿರುಗಿ, "ಇಲ್ಲಿ ನಾ ಯಾವಾಗ ಬೇಕಂದ್ರ ಆವಾಗ ಕೂಡ್ತೀನಿ, ಯಾವಾಗ ಬೇಕಂದ್ರ ಆವಾಗ ಏಳ್ತೀನಿ. ಅಲ್ಲಿ ಹೋದ್ರ ನಾ ನೇಕಾರಕಿ ಅಲ್ರೀ, ಪಾಳಿ ಮ್ಯಾಲಿನ ಆಳು. ಈ ಆರು ಮಂದಿ ಹೆಣ್ಣಮಕ್ಕಳು ಕೂಸು ಬಿಟ್ಟು ಅಷ್ಟು ದೂರ ಹೋಗಾಕ ಆಗಂಗಿಲ್ಲ, ಕೆಲಸಾನ ಬಿಡ್ತಾರ," ಎಂದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಕೇಳದ ದನಿ ಅದು, ನನಗೆ ಹೆದರಿಕೆಯಾಯಿತು.

ಅದೇ ವಾರ ಹಿನ್ನೀರಿನ ಮೇಲೆ ಬಿರುಗಾಳಿ ಎದ್ದಿತು. ಮಳೆ ಬರಲಿಲ್ಲ, ಬರೀ ಗಾಳಿ. ನಿಯಂತ್ರಣ ಕೊಠಡಿಯ ಗೋಡೆಯುದ್ದದ ಪರದೆಯ ಮೇಲೆ ಕೆನೆ ಇದ್ದಲ್ಲಿ ಹಸಿರು, ಹರಿದಲ್ಲಿ ಕೆಂಪು ಕಾಣುತ್ತದೆ. ನೋಡನೋಡುತ್ತಲೇ ನಮ್ಮೂರ ಮುಂದಿನ ನೀರೆಲ್ಲ ಕೆಂಪಾಯಿತು. ಬುರುಡೆಗಳಲ್ಲಿದ್ದ ಮೇಣ ಮುಗಿದಿತ್ತು, ಹೊಸ ಮೇಣ ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನವೂ ಆವಿಯಾಗಿ ಹೋಗುತ್ತಿದ್ದ ನೀರನ್ನು ಪರದೆಯ ಮೇಲೆ ನೋಡುತ್ತ ನಾನು ಹಲ್ಲು ಕಡಿದುಕೊಂಡು ಕೂತಿದ್ದೆ.

ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಹೋದರೆ ಮನೆಯಲ್ಲಿ ಹಬ್ಬದ ಕಳೆ. ತಾಟಿನಲ್ಲಿ ಎಣ್ಣೆಗಾಯಿ, ಬಿಸಿ ರೊಟ್ಟಿ, ಗೋದಾವರಿಯ ಮುಖದಲ್ಲಿ ನಗು.

"ಮೂರು ದಿನ ಆತ್ರೀ, ಒಂದ ಎಳಿ ಹರದಿಲ್ಲ. ಗಂಜಿ ಹದ ಕಡೀಕೂ ಸಿಕ್ಕಿತು ನೋಡ್ರಿ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಕೆನೆ ಇಲ್ಲದ ಮೂರು ದಿನ, ನೂಲು ಹರಿಯದ ಮೂರು ದಿನ. ನಾನು ಎದ್ದು ಹೋಗಿ ಕುಣಿಯೊಳಗೆ ಕೈ ಇಳಿಬಿಟ್ಟೆ. ಒಳಗೆ ತಣ್ಣಗೆ, ಒದ್ದೆ ಬಟ್ಟೆ ಮುಟ್ಟಿದಂತಿತ್ತು. ನೇಕಾರರು ಈ ದಂಡೆಗೆ ಬಂದು ನೆಲೆಸಿದ್ದು ಹೊಳೆಯ ನೀರಿಗೆ ಎಂದು ನಾನು ತಿಳಿದಿದ್ದೆ. ಅವರು ಬಂದದ್ದು ಹೊಳೆಯಿಂದ ಏಳುವ ತೇವದ ಗಾಳಿಗೆ. ಕುಣಿ ತೋಡಿದ್ದೂ ಆ ತೇವವನ್ನು ಹಿಡಿದಿಡುವುದಕ್ಕೆ. ಈ ಸಂಗತಿ ಎಲ್ಲರಿಗೂ ಎಷ್ಟು ರೂಢಿಯಾಗಿಬಿಟ್ಟಿತ್ತೆಂದರೆ ಓಣಿಯವರೂ ಅದನ್ನು ಮರೆತಿದ್ದರು.

ಅವಳಿಗೆ ಅಲ್ಲೇ ಹೇಳಿದೆ. ಅವಳ ನಗು ಮಾಯವಾಯಿತು.

"ಅಂದ್ರ ಹೊಳಿ ಬಾಯಿ ಕಟ್ಟಿದವ್ರು ನೀವ?"

"ಕಟ್ಟಿಲ್ಲ ಗೋದಾವರಿ. ಹಾಳಾಗಿ ಹೋಗೂ ಆವಿ ಉಳಿಸೇವಿ."

"ನಿಮಗ ಅದು ಹಾಳಾಗೂ ಆವಿ. ನನಗ ಅದು ನೂಲು ಕುಡಿಯೂ ನೀರು." ಅವಳು ತಾಟನ್ನು ನನ್ನ ಮುಂದೆ ಸರಿಸಿದಳು. "ಉಣ್ರಿ, ಆರತೈತಿ. ಉಂಡು ಹೋಗಿ ನಿಮ್ಮ ಮೇಡಮ್ಮಾರಿಗೆ ಹೇಳ್ರಿ."

ಡಾ. ಶರ್ವಾಣಿ ಸಿಟ್ಟಿನ ಹೆಂಗಸು. ಆದರೆ ಕಣ್ಣೆದುರಿನ ಪುರಾವೆಗೆ ಬೆನ್ನು ತೋರಿಸುವವರಲ್ಲ. ಅವರೇ ಮನೆಗೆ ಬಂದು ಕುಣಿಯೊಳಗೆ ತೇವಮಾಪಕ ಇಟ್ಟರು. ಒಂದು ವಾರ ನಾವು ಓಣಿಯ ಮುಂದಿನ ಕೆನೆಯನ್ನು ಒಂದು ದಿನ ತೆರೆದು ಒಂದು ದಿನ ಮುಚ್ಚಿದೆವು. ತೆರೆದ ದಿನ ಕುಣಿಯ ತೇವ ಶೇಕಡಾ ಎಪ್ಪತ್ತು ದಾಟುತ್ತಿತ್ತು, ಮುಚ್ಚಿದ ದಿನ ನಲವತ್ತಕ್ಕೆ ಇಳಿಯುತ್ತಿತ್ತು. ತೇವ ಏರಿದಾಗ ನೂಲು ಹರಿಯುವುದು ಇಳಿಯಿತು, ತೇವ ಇಳಿದಾಗ ಏರಿತು.

"ಹತ್ತಿಗೆ ತೇವ ಇದ್ದಷ್ಟೂ ಬಲ. ಇದು ನನಗೆ ಪಾಠದಲ್ಲೇ ಗೊತ್ತಿತ್ತು," ಎಂದು ಅವರು ತಮ್ಮ ಮೇಲೆಯೇ ಸಿಡುಕಿದರು. "ಗಾಳಿಗೆ ಹೋಗೋ ನೀರನ್ನೆಲ್ಲ ನಷ್ಟ ಅಂತ ಎಣಿಸಿದ್ವಿ ಚಂದ್ರಾಮ್. ಅದರಲ್ಲಿ ಒಂದು ಓಣಿಯ ಅನ್ನ ಇತ್ತು."

"ಹಾಗಾದರೆ ಓಣಿಯ ಮುಂದೆ ಹಗಲೆಲ್ಲ ಕಿಟಕಿ ತೆರೆದಿಡೋಣವೇ ಮೇಡಂ?"

ಅವರು ಲೆಕ್ಕ ಹಾಕಿ ಪರದೆಯನ್ನು ನನ್ನತ್ತ ತಿರುಗಿಸಿದರು. ಹಿನ್ನೀರಿನ ಅಷ್ಟು ಅಗಲದ ನೀರನ್ನು ಬೇಸಿಗೆಯ ಹಗಲಿಗೆ ಬಿಟ್ಟುಕೊಟ್ಟರೆ ಮೇಳಗಡ್ಡಿಯ ನಳ ಮತ್ತೆ ನಾಲ್ಕು ದಿನಕ್ಕೊಮ್ಮೆಗೆ ಹೋಗುತ್ತದೆ. "ಇದನ್ನ ನೀವೂ ನಾನೂ ತೀರ್ಮಾನ ಮಾಡೋ ಹಾಗಿಲ್ಲ. ಅವರನ್ನೇ ಕರೆಸಿ. ನಿಮ್ಮ ಮನೆಯವರನ್ನೂ ಕರೀರಿ," ಎಂದರು.

ಬಸವ ಜಯಂತಿಗೆ ಇನ್ನು ಕೆಲವೇ ದಿನ ಉಳಿದಿತ್ತು. ಮೇಳಗಡ್ಡಿಯ ನೀರಿನ ಸಮಿತಿಯ ಪರವಾಗಿ ಹುಸೇನಬಿ ಎಂಬ ಐವತ್ತು ದಾಟಿದ ಹೆಂಗಸು ಬಂದರು. ಹಿಂದಿನ ವರ್ಷ ಪೇಡೆ ಹಂಚಿದವರೇ ಅವರು. ಈ ಸಲ ಬರಿಗೈಯಲ್ಲಿ ಬಂದಿದ್ದರು. ಮಹಾರುದ್ರಪ್ಪನವರೂ ಬಂದು ಒಂದು ಮೂಲೆಯಲ್ಲಿ ಕೂತರು. ಗೋದಾವರಿ ತಾನು ನೇಯ್ದ ಇಳಕಲ್ ಸೀರೆಯುಟ್ಟು, ಜಗಳಕ್ಕೆ ಸಿದ್ಧವಾಗಿಯೇ ಬಂದಿದ್ದಳು. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದುದನ್ನು ನಾನು ಕೇಳಿದ್ದೆ.

ಅವಳು ಹೇಳಿದಳು ಕೂಡ. ನೂಲಿನ ಕಥೆ, ಕುಣಿಯ ಕಥೆ, ಆರು ಮನೆಗಳ ಕಥೆ. ಹುಸೇನಬಿ ನಡುವೆ ಬಾಯಿ ಹಾಕದೆ ಕೇಳಿದರು.

"ನೀ ಹೇಳೂದು ಖರೇ ಐತವಾ. ನಿಮ್ಮ ಓಣಿಗೆ ಅನ್ಯಾಯ ಆಗೈತಿ," ಎಂದರು. "ಈಗ ನಂದೂ ಕೇಳು. ನನ್ನ ಸಣ್ಣ ಮಗಳು ಕೊಡ ಹೊರಾಕಂತ ಸಾಲಿ ಬಿಟ್ಟಿದ್ಲು. ನಮ್ಮ ಗಲ್ಲಿ ಹುಡಿಗ್ಯಾರೆಲ್ಲಾ ಬಿಟ್ಟಿದ್ರು. ನಳ ದಿನಾ ಬರಾಕ ಹತ್ತಿದ ಮ್ಯಾಲೆ ತಿರುಗಿ ಹೊಂಟಾರ. ಆಕಿ ಈ ವರ್ಷ ಹತ್ತನೇತ್ತೆಗೆ ಬಂದಾಳ. ನಿನ್ನ ನೂಲಿನ ಸಲುವಾಗಿ ಆಕಿ ತಲಿ ಮ್ಯಾಲೆ ನಾ ಮತ್ತ ಕೊಡ ಇಡಬೇಕೇನು? ನನ್ನ ಕೈಲಿ ಆಗಂಗಿಲ್ಲ. ಈಗ ಇರೂದಕ್ಕಿಂತ ಒಂದು ಹನಿ ಹೆಚ್ಚಿಗಿ ಬಿಡಾಕ ನಾ ಒಪ್ಪಂಗಿಲ್ಲ."

ನಾನು ಗೋದಾವರಿಯ ಮುಖ ನೋಡಿದೆ. ಈಗ ಗುಡುಗುತ್ತಾಳೆ ಎಂದುಕೊಂಡೆ.

"ನಿಮ್ಮ ಜಾಗದಾಗ ನಾ ಇದ್ರೂ ಒಪ್ಪತಿದ್ದಿಲ್ಲ ಅಕ್ಕಾರ," ಎಂದಳು ಅವಳು. ಆಮೇಲೆ ನನ್ನತ್ತ ತಿರುಗಿದಳು. "ಈಗ ಇರೂದಕ್ಕಿಂತ ಅಂದ್ರಲ್ಲ. ಈಗ ಎಷ್ಟು ಬಿಡ್ತೀರಿ?"

"ಮೀನಿಗಂತ ಎರಡು ತಾಸು. ಮಧ್ಯರಾತ್ರಿ."

"ಮಧ್ಯರಾತ್ರಿನ ಯಾಕ?"

ಡಾ. ಶರ್ವಾಣಿ ನನ್ನನ್ನು ನೋಡಿದರು. ಉತ್ತರ ಬಹಳ ಸರಳವಾಗಿತ್ತು. ನಮ್ಮ ಪಾಳಿ ಬದಲಾಗುವುದು ಮಧ್ಯರಾತ್ರಿಗೆ. ಹೋಗುವವನೂ ಬರುವವನೂ ಇಬ್ಬರೂ ಇರುತ್ತಾರೆ, ಕಿಟಕಿ ತೆರೆಯಲು ಅನುಕೂಲ ಎಂದು ಮೊದಲ ದಿನ ಯಾರೋ ಹೇಳಿದ್ದರು, ಅದೇ ನಡೆದುಕೊಂಡು ಬಂದಿತ್ತು. ಇದನ್ನು ಹೇಳಿದಾಗ ಹುಸೇನಬಿ ಬಾಯಿಗೆ ಸೆರಗು ಹಿಡಿದು ನಕ್ಕರು.

ಆದರೆ ನನ್ನ ತಲೆ ಆಗಲೇ ಓಡತೊಡಗಿತ್ತು. ನೀರಿನಲ್ಲಿ ಕರಗಿದ ಆಮ್ಲಜನಕದ ಏರಿಳಿತವನ್ನು ಪರದೆಗೆ ತಂದೆ. ಹಗಲು ಜೊಂಡು, ಪಾಚಿಗಳು ನೀರಿಗೆ ಆಮ್ಲಜನಕ ತುಂಬುತ್ತವೆ. ಕತ್ತಲಾದ ಮೇಲೆ ಅದು ಇಳಿಯುತ್ತ ಹೋಗಿ, ಸೂರ್ಯ ಹುಟ್ಟುವ ಮುಂಚೆ ತಳ ಮುಟ್ಟುತ್ತದೆ. ಮೀನಿಗೆ ಗಾಳಿ ಬೇಕಾದದ್ದು ಮಧ್ಯರಾತ್ರಿಗಲ್ಲ, ಮುಂಜಾನೆಗೆ.

"ಮುಂಜಾನೆ ನೀರು ಗಾಳಿಗಿಂತ ಬೆಚ್ಚಗಿರುತ್ತೆ," ಎಂದು ಡಾ. ಶರ್ವಾಣಿ ಎದ್ದು ನಿಂತರು. "ಆವಿ ಏಳುತ್ತೆ. ಹಗಲಿನ ಹಾಗೆ ಆಕಾಶಕ್ಕೆ ಓಡೋದಿಲ್ಲ, ತಂಪಿಗೆ ನೆಲ ಹಿಡಿದು ಕೂರುತ್ತೆ. ತಂಪು ಗಾಳಿ ಭಾರ, ಅದು ಕುಣಿಗೆ ಇಳಿಯುತ್ತೆ. ಅದೇ ಎರಡು ತಾಸು, ಹೆಚ್ಚುಕಮ್ಮಿ ಅಷ್ಟೇ ನೀರು."

"ಎರಡಂದ್ರ ಎರಡ," ಎಂದರು ಹುಸೇನಬಿ. "ಮೂರನೇ ತಾಸಿಗೆ ಕೈ ಹಚ್ಚಿದ್ರ ನಾ ಗಂಟುಮೂಟಿ ತಂದು ಇಲ್ಲೇ ಕೂಡಾಕಿ."

"ಎರಡು ತಾಸಿನ್ಯಾಗ ಸೀರಿ ಎಲ್ಲಿ ಆಗ್ತೈತಿ?" ಎಂದರು ಮೂಲೆಯಿಂದ ಮಹಾರುದ್ರಪ್ಪ.

"ಎರಡು ತಾಸು ತಂಪು ಒಳಗ ಬಿಟ್ಕೊಂಡು, ಬಿಸಿಲು ಏರೂದ್ರಾಗ ಬಾಗಲಾ ಕಿಟಕಿ ಎಲ್ಲಾ ಮುಚ್ಚತೀನಿ," ಎಂದಳು ಗೋದಾವರಿ. "ಗಂಜೀನೂ ಮೊದಲಿನ್ಹಂಗ ತೆಳ್ಳಗ ಮಾಡ್ತೀನಿ. ತಂಪು ಎಷ್ಟೊತ್ತು ನಿಂದರ್ತೈತಿ ಅಂತ ನನಗೂ ಗೊತ್ತಿಲ್ರೀ. ನೋಡೂಣು."

ಮಹಾರುದ್ರಪ್ಪ ಕೆಟ್ಟವರಲ್ಲ. ಹರಿಯುವ ನೂಲಿಗೆ ಸಂಘ ಎಷ್ಟು ದಿನ ಕಾಯಬೇಕು ಎನ್ನುವುದಷ್ಟೇ ಅವರ ಚಿಂತೆ. "ಆತು. ಗಾಡಿ ಹೇಳಿದ ದಿನಾನ ಬರ್ತೈತಿ. ಮುಂಜಾನಿ ಹತ್ತರ ತನಕ ನೂಲು ಹರೀದಂಗ ನಡಸಿ ತೋರ್ಸು. ಹರೀತಂದ್ರ ಮಗ್ಗ ಬಿಚ್ಚೂದ," ಎಂದರು.

ಬಸವ ಜಯಂತಿಯ ಮರುದಿನ ಬೆಳಗಿನ ಜಾವ ನಾನು ನಿಯಂತ್ರಣ ಕೊಠಡಿಯಲ್ಲಿದ್ದೆ. ನಾಲ್ಕಕ್ಕೆ ಗೋದಾವರಿಯ ಫೋನ್ ಬಂತು. "ಎಲ್ಲಾರೂ ಎದ್ದಾರ. ಕಂಡಿಕಿ ಸುತ್ತಿಕೊಡಾಕ ಪಕ್ಕದ ಮನಿ ಪಾರವ್ವ ಬಂದಾಳ. ತಗೀರಿ," ಎಂದಷ್ಟೇ ಹೇಳಿ ಫೋನನ್ನು ಕಟ್ ಮಾಡದೆ ಗೂಡಿನಲ್ಲಿಟ್ಟಳು. ನಾನು ಕಿಟಕಿ ತೆರೆದೆ. ಪರದೆಯ ಮೇಲೆ ಓಣಿಯ ಮುಂದಿನ ನೀರು ಹಸಿರಿನಿಂದ ಕೆಂಪಾಯಿತು. ಸ್ವಲ್ಪ ಬೆಳಕು ಹರಿದಾಗ ಹೊರಗಿನ ಕ್ಯಾಮೆರಾದಲ್ಲಿ ನೋಡಿದರೆ ಹಿನ್ನೀರಿನ ಮೇಲೆ ಬೆಳ್ಳಗೆ ಮಂಜು. ಹಿನ್ನೀರಿಗೆ ಕೆನೆ ಹಾಸಿದಾಗಿನಿಂದ ನಾನು ಅದನ್ನು ಕಂಡಿರಲಿಲ್ಲ, ಇಲ್ಲವಾಗಿದೆ ಎಂದೂ ಗಮನಿಸಿರಲಿಲ್ಲ. ಮಂಜು ದಂಡೆ ಹತ್ತಿ, ತೆರೆದ ಬಾಗಿಲುಗಳ ಕಡೆ ಮೆಲ್ಲಗೆ ಸಾಗಿತು.

ಫೋನಿನಲ್ಲಿ ಮಗ್ಗದ ಸದ್ದು ಶುರುವಾಯಿತು. ಲಟ್ ಪಟ್, ಲಟ್ ಪಟ್. ಆರಕ್ಕೆ ಸರಿಯಾಗಿ ಕಿಟಕಿ ಮುಚ್ಚಿದೆ. ಒಂದು ನಿಮಿಷ ಹೆಚ್ಚಿಗೆ ಬಿಡಬೇಕೆಂದು ಕೈ ತುರಿಸಿತು, ಹುಸೇನಬಿಯ ಮಗಳು ನೆನಪಾದಳು, ಮುಚ್ಚಿದೆ. ಆ ಕಡೆ ಬಾಗಿಲುಗಳು ಧಡಧಡ ಮುಚ್ಚಿಕೊಂಡದ್ದು ಕೇಳಿಸಿತು. ಏಳಾಯಿತು, ಎಂಟಾಯಿತು. ಹೊರಗೆ ಬಿಸಿಲು ಚುರುಗುಟ್ಟತೊಡಗಿತು. ಓಣಿಗೆ ಗಾಡಿ ಬಂದು ನಿಂತ ಸದ್ದು, ಮಹಾರುದ್ರಪ್ಪ ಕೆಮ್ಮಿ ಕಟ್ಟೆಯ ಮೇಲೆ ಕೂತ ಸದ್ದು, ಎಲ್ಲದರ ನಡುವೆ ಲಟ್ ಪಟ್, ಲಟ್ ಪಟ್. ಡಾ. ಶರ್ವಾಣಿ ಬಂದು ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಕುಣಿಯೊಳಗಿನ ತೇವಮಾಪಕದ ಅಂಕಿ ಎಪ್ಪತ್ತೆರಡರಿಂದ ಅರವತ್ತೆಂಟಕ್ಕೆ, ಅರವತ್ತೈದಕ್ಕೆ ಇಳಿಯುತ್ತಿತ್ತು.

ಒಂಬತ್ತೂವರೆಗೆ ಮಗ್ಗ ನಿಂತಿತು.

ಡಾ. ಶರ್ವಾಣಿ ಕಣ್ಣು ಮುಚ್ಚಿಕೊಂಡರು. ನನಗೆ ಅಳು ಬಂತು, ನಾಚಿಕೆಪಡದೆ ಹೇಳುತ್ತೇನೆ. ಇಡೀ ಕೃಷ್ಣೆಯನ್ನು ಅಂಗೈಯಲ್ಲಿಟ್ಟುಕೊಂಡವನು ಹೆಂಡತಿಯ ಒಂದು ಎಳೆ ನೂಲನ್ನು ಉಳಿಸಲಾರದೆ ಹೋದೆ ಎನ್ನಿಸಿತು. ಫೋನಿನಲ್ಲಿ ಗಾಡಿಯ ಹಿಂಬದಿಯ ಬಾಗಿಲು ಕಿರ್‍ರೆಂದು ತೆರೆದುಕೊಂಡಿತು. ಮಹಾರುದ್ರಪ್ಪನವರ ದನಿ ಕೇಳಿಸಿತು.

"ಯಾಕವಾ, ಹರೀತೇನು?"

"ಇಲ್ರೀ," ಎಂದಳು ಗೋದಾವರಿ. "ಲಾಳ್ಯಾಗಿನ ಕಂಡಿಕಿ ತೀರಿತು. ಒಂದು ಕಂಡಿಕಿ ಪೂರಾ ನೂಲು ಸೀರ್‍ಯಾಗ ಹೋತು. ಏ ಪಾರವ್ವಾ, ಇನ್ನೊಂದು ಸುತ್ತಿಟ್ಟಿದ್ದು ಕೊಡು ಇಲ್ಲಿ. ಬಾಗಲಾ ಮುಚ್ಚರಿ, ತಂಪು ಹೋಗ್ತೈತಿ."

ಬಾಗಿಲು ಮುಚ್ಚಿತು. ಮಗ್ಗ ಮತ್ತೆ ಶುರುವಾಯಿತು.